ಹೆಪ್ಪು ಕಣ್ಣಿಗೆ ಕಂಡರೂ ತೆಗೆಯಲಿಲ್ಲವೇಕೆ?

ಹೃದಯಾಘಾತವಾಗಿ ಬಂದವರ ಮನೆಯವರಿಗೆ ಆಂಜಿಯೋಗ್ರಾಮ್‌ನ ಚಿತ್ರ ತೋರಿಸಿ, "ಇಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗಿತ್ತು, ಬಲೂನಿನಿಂದ ಬಿಡಿಸಿ ನಾಳವನ್ನು ತೆರೆದಿಡುವ ಜಾಲರಿ ಕೊಳವೆ, ಸ್ಟೆಂಟ್, ಕೂರಿಸಿದ್ದೇವೆ" ಎಂದು ಹೇಳಿದಾಗ ಅವರಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆಯೊಂದಿದೆ: "ಹಾಗಾದರೆ ಆ ಹೆಪ್ಪು ಎಲ್ಲಿ ಹೋಯಿತು ಡಾಕ್ಟ್ರೇ? ಹೊರಗೆ ತೆಗೆದಿರಲ್ಲವೇ?" ತೆಗೆಯಲಿಲ್ಲ ಎಂದರೆ ಅವರ ಮುಖದಲ್ಲಿ ಸಂಶಯ ಮೂಡುತ್ತದೆ. ದುಡ್ಡು ಕಡಿಮೆ ಬಿತ್ತೆಂದೋ, ಈ ಆಸ್ಪತ್ರೆಯಲ್ಲಿ ಸಲಕರಣೆಯಿಲ್ಲವೆಂದೋ, ದೊಡ್ಡ ಆಸ್ಪತ್ರೆಗೆ ಹೋಗಿದ್ದರೆ ತೆಗೆಯುತ್ತಿದ್ದರೇನೋ ಎಂದೋ ಅವರು ಒಳಗೊಳಗೇ ಲೆಕ್ಕ ಹಾಕುತ್ತಾರೆ. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಜಗತ್ತಿನ ಹೃದ್ರೋಗ ತಜ್ಞರೂ ಇದನ್ನೇ ಕೇಳಿಕೊಂಡರು, ತೆಗೆಯುವ ಸಲಕರಣೆಯನ್ನೂ ಮಾಡಿಕೊಂಡರು, ಸಾವಿರಾರು ರೋಗಿಗಳಲ್ಲಿ ತೆಗೆದೂ ನೋಡಿದರು. ಅದರಿಂದ ತಿಳಿದುಬಂದದ್ದೇನು ಎಂಬುದೇ ಇವತ್ತಿನ ನನ್ನ ಭಾಷಣದ ವಿಷಯ.

ಮೊದಲು ಹೆಪ್ಪು ಹುಟ್ಟುವ ಬಗೆಯನ್ನು ನೋಡೋಣ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳ ಅಗಲ ಸುಮಾರು ಮೂರು, ನಾಲ್ಕು ಮಿಲಿಮೀಟರ್. ಅವುಗಳ ಗೋಡೆಯೊಳಗೆ ವರ್ಷಗಟ್ಟಲೆ ಕೊಬ್ಬು ಸೇರಿ ಬೆಳೆದ ದಿಬ್ಬವನ್ನು ನಾವು ಪ್ಲಾಕ್ ಎನ್ನುತ್ತೇವೆ. ಅದರ ಮೇಲಿನ ತೆಳು ಪೊರೆ ಒಂದು ದಿನ ಬಿರಿದಾಗ ಒಳಗಿನ ಕೊಬ್ಬು ರಕ್ತಕ್ಕೆ ತಾಗುತ್ತದೆ. ಗಾಯವಾಯಿತೆಂದು ತಿಳಿದ ದೇಹವು ಅಲ್ಲಿಗೆ ಪ್ಲೇಟ್‌ಲೆಟ್‌ಗಳನ್ನು ಕಳಿಸುತ್ತದೆ, ಅವುಗಳ ಸುತ್ತ ಫೈಬ್ರಿನ್ ಎಂಬ ಎಳೆಗಳ ಬಲೆ ಹೆಣೆದುಕೊಳ್ಳುತ್ತದೆ, ಆ ಬಲೆಯಲ್ಲಿ ಕೆಂಪು ರಕ್ತಕಣಗಳು ಸಿಕ್ಕಿಬಿದ್ದು ನಾಳ ಪೂರ್ತಿ ಮುಚ್ಚುತ್ತದೆ. ಬೆರಳು ಕೊಯ್ದುಕೊಂಡಾಗ ನಮ್ಮನ್ನು ಉಳಿಸುವ ವ್ಯವಸ್ಥೆಯೇ ಇಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಹೆಪ್ಪು ಹೃದಯಾಘಾತಕ್ಕೆ ಕಾರಣವೋ ಅಥವಾ ಆಘಾತವಾದ ಮೇಲೆ ಹುಟ್ಟಿಕೊಳ್ಳುವುದೋ ಎಂಬ ಚರ್ಚೆ ಬಹುಕಾಲ ನಡೆಯಿತು. 1980ರಲ್ಲಿ ಅಮೆರಿಕದ ಡಿವುಡ್ ಮತ್ತು ಸಂಗಡಿಗರು, ನೋವು ಶುರುವಾಗಿ ನಾಲ್ಕು ಗಂಟೆಯೊಳಗೆ ಬಂದ 126 ರೋಗಿಗಳ ಆಂಜಿಯೋಗ್ರಾಮ್ ಮಾಡಿ ನೋಡಿದಾಗ 110 ಮಂದಿಯಲ್ಲಿ, ಅಂದರೆ ಶೇ. 87ರಷ್ಟು ಜನರಲ್ಲಿ, ನಾಳ ಪೂರ್ತಿ ಮುಚ್ಚಿತ್ತು. ತಡವಾಗಿ ಪರೀಕ್ಷಿಸಿದವರಲ್ಲಿ ಈ ಪ್ರಮಾಣ ಇಳಿಯುತ್ತಿತ್ತು. ಹೆಪ್ಪೇ ಮೊದಲ ಅಪರಾಧಿ ಎಂಬ ಮಾತು ಅಲ್ಲಿಂದ ಗಟ್ಟಿಯಾಯಿತು.

ಮುಂದಿನ ಕಥೆ ನಿಮಗೆ ಗೊತ್ತಿರುವಂಥದ್ದು. ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಬಂತು. 1988ರಲ್ಲಿ 17,187 ರೋಗಿಗಳ ಐಸಿಸ್-2 ಅಧ್ಯಯನವು ಆ ಔಷಧವೂ ಬಡವರ ಆಸ್ಪಿರಿನ್ನೂ ಬೇರೆ ಬೇರೆಯಾಗಿ ಜೀವ ಉಳಿಸುತ್ತವೆ, ಜೊತೆಯಲ್ಲಿ ಕೊಟ್ಟರೆ ಇನ್ನೂ ಹೆಚ್ಚು ಉಳಿಸುತ್ತವೆ ಎಂದು ತೋರಿಸಿತು. 1977ರಲ್ಲಿ ಜೂರಿಕ್‌ನಲ್ಲಿ ಗ್ರುಂಟ್ಸಿಗ್ ಆರಂಭಿಸಿದ ಬಲೂನ್ ಚಿಕಿತ್ಸೆಯನ್ನು ಹೃದಯಾಘಾತದ ತುರ್ತಿನಲ್ಲಿಯೇ ಬಳಸುವುದು ಎಂಬತ್ತರ ದಶಕದಲ್ಲಿ ಮೊದಲಾಯಿತು. ಇದನ್ನೇ ಪ್ರೈಮರಿ ಆಂಜಿಯೋಪ್ಲಾಸ್ಟಿ ಎನ್ನುತ್ತೇವೆ. ಸಮಯಕ್ಕೆ ಸರಿಯಾಗಿ ಮಾಡಿದರೆ ಅದು ಔಷಧಕ್ಕಿಂತ ಮೇಲು ಎಂಬುದರಲ್ಲಿ ಈಗ ತಕರಾರಿಲ್ಲ.

ತಕರಾರು ಇದ್ದದ್ದು ಬೇರೆ ಕಡೆ. ನಾಳವೇನೋ ತೆರೆದುಕೊಳ್ಳುತ್ತಿತ್ತು, ಪರದೆಯ ಮೇಲೆ ಬಣ್ಣದ ದ್ರಾವಣ ಸರಾಗವಾಗಿ ಹರಿಯುತ್ತಿತ್ತು, ಆದರೂ ಕೆಲವರಲ್ಲಿ ಇಸಿಜಿ ಸುಧಾರಿಸುತ್ತಿರಲಿಲ್ಲ, ಎದೆನೋವು ಪೂರ್ತಿ ಇಳಿಯುತ್ತಿರಲಿಲ್ಲ, ಹೃದಯದ ಬಲ ಕುಂದಿಯೇ ಇರುತ್ತಿತ್ತು. ನಾವೆಲ್ಲ ರಕ್ತನಾಳವನ್ನು ನೀರಿನ ಪೈಪಿಗೆ ಹೋಲಿಸಿಯೇ ರೋಗಿಗೆ ವಿವರಿಸುತ್ತೇವೆ. ಕಸ ಕಟ್ಟಿದೆ, ತೆಗೆದರೆ ಸರಿಹೋಗುತ್ತದೆ ಎನ್ನುತ್ತೇವೆ. ಆ ಹೋಲಿಕೆಯೇ ಇಲ್ಲಿ ದಾರಿ ತಪ್ಪಿಸುತ್ತದೆ. ಪೈಪಿನ ಕೊನೆಯಲ್ಲಿ ನಲ್ಲಿಯಿರುತ್ತದೆ; ಹೃದಯದ ನಾಳದ ಕೊನೆಯಲ್ಲಿ ಇರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಸಾವಿರಾರು ಲೋಮನಾಳಗಳು ಮತ್ತು ಅವುಗಳನ್ನೇ ನಂಬಿ ಬದುಕುವ ಜೀವಂತ ಸ್ನಾಯು. ಬಲೂನ್ ಉಬ್ಬಿಸಿದಾಗ ಹೆಪ್ಪು ಚೂರಾಗಿ, ಪ್ಲಾಕ್‌ನ ಕೊಬ್ಬಿನ ಕಣಗಳೊಡನೆ ಆ ಲೋಮನಾಳಗಳಿಗೆ ಹೋಗಿ ತುಂಬಿಕೊಂಡರೆ, ಹೆದ್ದಾರಿ ತೆರೆದಿದ್ದರೂ ಊರೊಳಗೆ ಏನೂ ತಲುಪುವುದಿಲ್ಲ. ಈ ಸ್ಥಿತಿಗೆ ನೋ-ರಿಫ್ಲೋ ಎಂದು ಹೆಸರು. ಅದನ್ನು ತಡೆಯಬೇಕಾದರೆ ಬಲೂನ್ ಮುಟ್ಟುವ ಮೊದಲೇ ಹೆಪ್ಪನ್ನು ಹೀರಿ ತೆಗೆದುಬಿಡೋಣ ಎಂಬ ಯೋಚನೆ ಬಂದದ್ದು ತೀರ ಸಹಜ.

ಅದಕ್ಕಾಗಿ ಬಂದ ಕ್ಯಾಥೆಟರ್ ನೋಡಲು ಬಹಳ ಸರಳವಾದದ್ದು. ಸುಮಾರು ಎರಡು ಮಿಲಿಮೀಟರ್ ದಪ್ಪದ ಉದ್ದನೆಯ ಮೆದು ಕೊಳವೆ. ತುದಿಯನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಅದರಲ್ಲಿ ಎರಡು ದಾರಿಗಳು. ಒಂದು ಸಣ್ಣದು, ಮೊದಲೇ ನಾಳದೊಳಗೆ ಇಳಿಸಿರುವ, ಮೂರನೇ ಒಂದು ಮಿಲಿಮೀಟರಿಗಿಂತ ಸ್ವಲ್ಪವೇ ದಪ್ಪದ ತಂತಿಯ ಮೇಲೆ ಜಾರಿ ಹೋಗುವುದಕ್ಕೆ. ಇನ್ನೊಂದು ದೊಡ್ಡದು, ಹೀರುವುದಕ್ಕೆ. ಹೊರಗಿನ ತುದಿಗೆ 30 ಮಿಲಿಲೀಟರಿನ ಸಿರಿಂಜ್ ಜೋಡಿಸಿ, ಪಿಸ್ಟನ್ನನ್ನು ಪೂರ್ತಿ ಹಿಂದಕ್ಕೆಳೆದು ಲಾಕ್ ಮಾಡಿರುತ್ತಾರೆ. ಹೆಪ್ಪು ಇನ್ನೂ ಸ್ವಲ್ಪ ದೂರವಿರುವಾಗಲೇ ತಿರುಪು ತೆರೆದು, ಹೀರುತ್ತಲೇ ನಿಧಾನವಾಗಿ ಮುಂದಕ್ಕೆ ಹೋಗಬೇಕು. ಸಿರಿಂಜಿಗೆ ರಕ್ತ ಬುಳುಬುಳು ಬರುತ್ತಿದ್ದದ್ದು ಒಮ್ಮೆಲೇ ನಿಂತರೆ ಕ್ಯಾಥೆಟರಿನ ಬಾಯಿಗೆ ದೊಡ್ಡ ತುಂಡೊಂದು ಸಿಕ್ಕಿದೆ ಎಂದರ್ಥ. ಆಗ ಹೀರುವಿಕೆಯನ್ನು ಒಂದು ಕ್ಷಣವೂ ನಿಲ್ಲಿಸದೆ ಕ್ಯಾಥೆಟರನ್ನು ಪೂರ್ತಿ ಹೊರಗೆಳೆಯಬೇಕು, ಆಮೇಲೆ ಇದನ್ನು ಒಳಗೆ ಇಳಿಸಲು ದಾರಿಯಾಗಿದ್ದ ಮುಖ್ಯ ಕೊಳವೆಯಿಂದಲೂ ಸ್ವಲ್ಪ ರಕ್ತ ಹೊರಗೆ ಬಿಡಬೇಕು. ಬಂದದ್ದನ್ನು ಸಣ್ಣ ಜಾಲರಿಯಲ್ಲಿ ಸೋಸಿ, ಉಪ್ಪುನೀರಿನಲ್ಲಿ ತೊಳೆದು, ಬಿಳಿ ಗಾಜ್ ಬಟ್ಟೆಯ ಮೇಲೆ ಇಟ್ಟರೆ, ಕೆಲವೊಮ್ಮೆ ಕಡುಕೆಂಪು ದಾರದಂಥ ತುಣುಕು, ಕೆಲವೊಮ್ಮೆ ಬಿಳಿ ಬೂದು ಬಣ್ಣದ ಮುದ್ದೆ. ಕೆಂಪಿನದರಲ್ಲಿ ರಕ್ತಕಣ ಜಾಸ್ತಿ, ಬಿಳಿಯದರಲ್ಲಿ ಪ್ಲೇಟ್‌ಲೆಟ್ ಜಾಸ್ತಿ.

ಈ ಗಾಜ್ ಬಟ್ಟೆಯ ಮೋಹ ದೊಡ್ಡದು ಎಂದೇ ನನ್ನ ಅನಿಸಿಕೆ. ರೋಗಕ್ಕೆ ಕಾರಣವಾದ ವಸ್ತುವೇ ಕಣ್ಣೆದುರಿಗೆ ಬಿದ್ದಿರುವಾಗ ಅದನ್ನು ತೆಗೆದದ್ದು ವ್ಯರ್ಥ ಎಂದು ನಂಬಲು ಯಾವ ವೈದ್ಯನಿಗೂ ಮನಸ್ಸು ಬಾರದು. ಮನೆಯವರಿಗಂತೂ ತೋರಿಸಿದರೆ ಕೈಮುಗಿಯುತ್ತಾರೆ.

ಈ ಮೋಹಕ್ಕೆ ಪುರಾವೆಯ ಬಲವೂ ಸಿಕ್ಕಿತು. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನ ವಿಶ್ವವಿದ್ಯಾಲಯದ ಆಸ್ಪತ್ರೆಯೊಂದರಲ್ಲೇ 1071 ರೋಗಿಗಳಲ್ಲಿ ನಡೆದ ಟಪಾಸ್ ಎಂಬ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಹೆಪ್ಪು ಹೀರಿ ಸ್ಟೆಂಟ್ ಹಾಕಿದರು, ಉಳಿದವರಿಗೆ ಎಂದಿನಂತೆ ಬಲೂನ್ ಮಾಡಿ ಸ್ಟೆಂಟ್ ಹಾಕಿದರು. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಗಿತ್ತು. ನಾಳ ತೆರೆದ ಮೇಲೂ ಸ್ನಾಯುವಿಗೆ ರಕ್ತ ಸರಿಯಾಗಿ ಇಳಿಯದವರ ಪ್ರಮಾಣ ಹೀರಿದವರಲ್ಲಿ ಶೇ. 17.1 ಇದ್ದರೆ ಉಳಿದವರಲ್ಲಿ ಶೇ. 26.3 ಇತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ ಹೃದಯದ ಕಾರಣದಿಂದ ಸತ್ತವರು ಹೀರಿದವರಲ್ಲಿ ಶೇ. 3.6, ಇನ್ನೊಂದು ಗುಂಪಿನಲ್ಲಿ ಶೇ. 6.7. ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ! ಅಗ್ಗದ ಕೊಳವೆ, ಕೆಲವೇ ನಿಮಿಷದ ಕೆಲಸ, ಇಷ್ಟು ದೊಡ್ಡ ಫಲ. ಅಮೆರಿಕ ಮತ್ತು ಯುರೋಪಿನ ಮಾರ್ಗಸೂಚಿಗಳು ಇದನ್ನು ಮಾಡುವುದು ಯುಕ್ತ ಎಂದು ಬರೆದವು. ನಮ್ಮ ಮುಂಬಯಿಯಲ್ಲಿ ಆಂಜಿಯೋಪ್ಲಾಸ್ಟಿ ಮಾಡುವ ಕೋಣೆಗಳಾದ ಕ್ಯಾಥ್ ಲ್ಯಾಬ್‌ಗಳ ಕಪಾಟಿನಲ್ಲೂ ಆ ಕ್ಯಾಥೆಟರಿಗೆ ಖಾಯಂ ಜಾಗವಾಯಿತು.

ಆದರೆ ಆ ಶೇಕಡಾವಾರಿನ ಹಿಂದಿರುವ ತಲೆಗಳನ್ನು ಎಣಿಸಿ ನೋಡಿ: 535ರಲ್ಲಿ 19 ಸಾವು, 536ರಲ್ಲಿ 36 ಸಾವು. ವ್ಯತ್ಯಾಸ ಹದಿನೇಳು ಜನ. ಅಧ್ಯಯನವನ್ನು ರೂಪಿಸಿದ್ದು ಸ್ನಾಯುವಿಗೆ ರಕ್ತ ಇಳಿಯಿತೇ ಎಂದು ನೋಡುವುದಕ್ಕೇ ಹೊರತು ಸಾವನ್ನು ಅಳೆಯುವುದಕ್ಕಲ್ಲ. ಇಷ್ಟು ಸಣ್ಣ ಸಂಖ್ಯೆಯಲ್ಲಿ ಆಕಸ್ಮಿಕವೂ ದೊಡ್ಡ ಫಲದ ವೇಷ ಹಾಕಿಕೊಂಡು ಬರಬಹುದು. ಸ್ವೀಡನ್ನಿನ ವೈದ್ಯರಿಗೆ ಈ ಅನುಮಾನ ಬಂತು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಒಂದು ವಿಷಯ ಹೇಳಬೇಕು, ಏಕೆಂದರೆ ನನಗೆ ಹೆಪ್ಪಿಗಿಂತಲೂ ಇದು ಹೆಚ್ಚು ಸ್ವಾರಸ್ಯದ್ದಾಗಿ ಕಾಣುತ್ತದೆ. ಸ್ವೀಡನ್ನಿನಲ್ಲಿ ಯಾವ ಆಸ್ಪತ್ರೆಯಲ್ಲಿ ಯಾರಿಗೆ ಆಂಜಿಯೋಪ್ಲಾಸ್ಟಿ ಆದರೂ ಅದರ ವಿವರ ಒಂದೇ ರಾಷ್ಟ್ರೀಯ ದಾಖಲೆಯಲ್ಲಿ ಸೇರುತ್ತದೆ. ನಾಗರಿಕರ ಸಾವಿನ ನೋಂದಣಿಯೂ ಅದಕ್ಕೆ ಜೋಡಿಸಲು ಸಿಗುತ್ತದೆ. ಟೇಸ್ಟ್ ಎಂಬ ಅಧ್ಯಯನದವರು ಮಾಡಿದ್ದಿಷ್ಟೆ: ಹೇಗೂ ತುಂಬಿಸಲೇಬೇಕಾದ ಆ ದಾಖಲೆಯ ಕಂಪ್ಯೂಟರಿನಲ್ಲಿಯೇ, ಈ ರೋಗಿಗೆ ಹೀರಬೇಕೋ ಬೇಡವೋ ಎಂದು ಚೀಟಿ ಎತ್ತುವ ಏರ್ಪಾಡನ್ನೂ ಸೇರಿಸಿಬಿಟ್ಟರು. ಎದೆನೋವಿನಲ್ಲಿ ನರಳುವವನ ಕೈಗೆ ಹತ್ತಾರು ಪುಟದ ಕಾಗದ ಕೊಡಲಿಲ್ಲ. ಮೊದಲು ಬಾಯಿಮಾತಿನ ಒಪ್ಪಿಗೆ, ಆಮೇಲೆ ಒಂದು ದಿನದೊಳಗೆ ಬರಹದ ಒಪ್ಪಿಗೆ. ಹೀಗೆ ಸ್ವೀಡನ್, ಐಸ್‌ಲ್ಯಾಂಡ್, ಡೆನ್ಮಾರ್ಕ್‌ಗಳಿಂದ 7244 ರೋಗಿಗಳು ಸೇರಿದರು. ಮೂವತ್ತು ದಿನಗಳ ನಂತರ ಯಾರು ಬದುಕಿದ್ದಾರೆ ಎಂಬ ಲೆಕ್ಕದಲ್ಲಿ ಒಬ್ಬರೂ ತಪ್ಪಿಹೋಗಲಿಲ್ಲ. ನಮ್ಮಲ್ಲಿ ಬಿಲ್ಲಿನ ಲೆಕ್ಕ ಪೈಸೆಗೆ ಪೈಸೆ ಸಿಗುತ್ತದೆ, ಮನೆಗೆ ಹೋದ ರೋಗಿ ಆರು ತಿಂಗಳ ಮೇಲೆ ಹೇಗಿದ್ದಾನೆಂಬ ಲೆಕ್ಕ ಎಷ್ಟು ಆಸ್ಪತ್ರೆಗಳಲ್ಲಿ ಸಿಕ್ಕೀತು, ನೀವೇ ಹೇಳಿ.

2013ರಲ್ಲಿ ಫಲಿತಾಂಶ ಬಂತು. ಮೂವತ್ತು ದಿನದೊಳಗಿನ ಸಾವು ಹೀರಿದವರಲ್ಲಿ ಶೇ. 2.8, ಹೀರದವರಲ್ಲಿ ಶೇ. 3.0. ವರ್ಷದ ಕೊನೆಗೆ ಶೇ. 5.3 ಮತ್ತು ಶೇ. 5.6. ಎರಡರ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ಇದಾದ ಮೇಲೆ 2015ರ ವಸಂತದಲ್ಲಿ ಕೆನಡಾದ ತಂಡವೊಂದು ಮುಂದೆ ನಿಂತು 20 ದೇಶಗಳಲ್ಲಿ 10,732 ರೋಗಿಗಳನ್ನು ಸೇರಿಸಿ ನಡೆಸಿದ ಟೋಟಲ್ ಅಧ್ಯಯನ ಹೊರಬಂತು. ಹೃದಯದ ಕಾರಣದ ಸಾವು, ಮತ್ತೊಂದು ಆಘಾತ, ಹೃದಯ ಸೋತು ರಕ್ತದೊತ್ತಡ ಕುಸಿಯುವುದು, ತೀವ್ರ ಹೃದಯ ವೈಫಲ್ಯ ಇವೆಲ್ಲವನ್ನೂ ಕೂಡಿಸಿ 180 ದಿನಗಳಲ್ಲಿ ಹೀರಿದವರಲ್ಲಿ ಶೇ. 6.9, ಹೀರದವರಲ್ಲಿ ಶೇ. 7.0. ಲಾಭವಿಲ್ಲದಿದ್ದರೆ ಹೋಗಲಿ ಎನ್ನಬಹುದಿತ್ತು. ಆದರೆ ಮೂವತ್ತು ದಿನದೊಳಗೆ ಪಾರ್ಶ್ವವಾಯು ಹೊಡೆದವರು ಹೀರಿದವರಲ್ಲಿ ಶೇ. 0.7, ಹೀರದವರಲ್ಲಿ ಶೇ. 0.3. ಪ್ರಮಾಣ ಸಣ್ಣದೇ, ಆದರೆ ಪಾರ್ಶ್ವವಾಯು ಸಣ್ಣ ಕಾಯಿಲೆಯಲ್ಲ. ಕ್ಯಾಥೆಟರನ್ನು ಹೊರಗೆಳೆಯುವಾಗ ಹೀರುವಿಕೆ ಸಡಿಲಿದರೆ ಬಾಯಲ್ಲಿ ಹಿಡಿದ ತುಂಡು ಮಹಾಧಮನಿಯೊಳಗೆ ಕಳಚಿಬಿದ್ದು ಅಲ್ಲಿಂದ ಮೆದುಳಿಗೆ ಹೋಗಬಲ್ಲದು. ಹೀರುವಿಕೆಯನ್ನು ಕ್ಷಣವೂ ನಿಲ್ಲಿಸಬಾರದು ಎಂದು ಆಗ ಒತ್ತಿ ಹೇಳಿದ್ದು ಇದಕ್ಕೇ. ಹೆಚ್ಚಿದ ಪಾರ್ಶ್ವವಾಯುವಿಗೆಲ್ಲ ಇದೊಂದೇ ಕಾರಣವೆಂದು ಸಾಬೀತಾಗಿಲ್ಲ, ಆದರೂ ಭಯಕ್ಕೆ ಇಷ್ಟು ಸಾಕು. 2015ರ ಅಮೆರಿಕದ, 2017ರ ಯುರೋಪಿನ ಮಾರ್ಗಸೂಚಿಗಳು ಎಲ್ಲರಿಗೂ ವಾಡಿಕೆಯಾಗಿ ಹೆಪ್ಪು ಹೀರುವುದು ಬೇಡ ಎಂದವು.

ಇಷ್ಟು ತರ್ಕಬದ್ಧವಾಗಿ ಕಂಡದ್ದು ಏಕೆ ಕೈಕೊಟ್ಟಿತು? ಮೊದಲನೆಯ ಮಾತೆಂದರೆ, ಸ್ನಾಯುವಿನ ಸಾವಿಗೆ ಗಡಿಯಾರವೇ ಮುಖ್ಯ. ನಾಳ ಮುಚ್ಚಿ ಸ್ವಲ್ಪ ಹೊತ್ತಿನಲ್ಲೇ ಹೃದಯದ ಗೋಡೆಯ ಒಳಪದರ ಸಾಯತೊಡಗುತ್ತದೆ, ಗಂಟೆ ಕಳೆದಂತೆ ಆ ಸಾವು ಹೊರಪದರದ ಕಡೆಗೆ ಹಬ್ಬುತ್ತದೆ. ರೋಗಿ ನಮ್ಮ ಮೇಜಿನ ಮೇಲೆ ಬರುವ ಹೊತ್ತಿಗೆ ನಷ್ಟದ ಬಹುಪಾಲು ಆಗಿಹೋಗಿರುತ್ತದೆ. ಹೆಪ್ಪನ್ನು ಹೀರಿ ತೆರೆದರೂ, ಒತ್ತಿ ತೆರೆದರೂ ಸತ್ತ ಸ್ನಾಯು ಏಳುವುದಿಲ್ಲ. ಇನ್ನೊಂದು, ಆ ಕೊಳವೆ ಹೆಪ್ಪನ್ನು ಪೂರ್ತಿ ತೆಗೆಯುವುದೇ ಇಲ್ಲ. ಟಪಾಸ್‌ನಲ್ಲಿಯೇ ಸೂಕ್ಷ್ಮದರ್ಶಕದಡಿ ನೋಡಿದಾಗ ಏನಾದರೂ ಹೆಪ್ಪು ಸಿಕ್ಕಿದ್ದು ಶೇ. 72.9ರಷ್ಟು ರೋಗಿಗಳಲ್ಲಿ ಮಾತ್ರ. ತಂತಿ ದಾಟಿಸುವಾಗಲೇ, ಕ್ಯಾಥೆಟರ್ ನೂಕುವಾಗಲೇ ಚೂರುಗಳು ಕೆಳಕ್ಕೆ ಹೋಗಿರಲೂ ಸಾಕು.

ಹೀರಿದ ಹೆಪ್ಪು ರೋಗಿಗೆ ಲಾಭ ತರಲಿಲ್ಲವಾದರೂ ಶಾಸ್ತ್ರಕ್ಕೆ ಲಾಭ ತಂದಿತು. ನೋವು ಶುರುವಾಗಿ ಆರು ಗಂಟೆಯೊಳಗೆ ಬಂದ 211 ರೋಗಿಗಳ ಹೆಪ್ಪನ್ನು ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಪರೀಕ್ಷಿಸಿ 2005ರಲ್ಲಿ ವರದಿ ಮಾಡಿದ್ದನ್ನು ನೋಡಿ: ಅರ್ಧದಷ್ಟು ಜನರಲ್ಲಿ ಆ ಹೆಪ್ಪಿನ ಭಾಗಗಳು ದಿನಗಳಷ್ಟು, ಕೆಲವರಲ್ಲಿ ವಾರಗಳಷ್ಟು ಹಳೆಯವು. ಅಂದರೆ "ನಿನ್ನೆಯವರೆಗೆ ಕಲ್ಲುಗುಂಡಿನಂತಿದ್ದರು" ಎಂದು ನಾವು ಹೇಳುವವರ ನಾಳದೊಳಗೆ ಗಾಯವಾಗಿ, ಹೆಪ್ಪು ಕಟ್ಟುತ್ತ, ಕರಗುತ್ತ, ಮತ್ತೆ ಕಟ್ಟುತ್ತ ಹಲವು ದಿನಗಳಾಗಿತ್ತು. ತಡವಾದಷ್ಟೂ ಹೆಪ್ಪಿನಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗಿ ಫೈಬ್ರಿನ್ ಹೆಚ್ಚಾಗುತ್ತದೆ ಎಂಬುದೂ ಹೀಗೆ ತೆಗೆದ ಹೆಪ್ಪುಗಳಿಂದಲೇ ತಿಳಿದದ್ದು.

ಹಾಗಾದರೆ ಆ ಕ್ಯಾಥೆಟರನ್ನು ಬಿಸಾಡಿದೆವೇ? ಇಲ್ಲ. ಬಲೂನ್ ಉಬ್ಬಿಸಿದ ಮೇಲೂ ದೊಡ್ಡ ಹೆಪ್ಪು ಹಾಗೆಯೇ ಕೂತು ರಕ್ತ ಹರಿಯದಿದ್ದರೆ ಅದನ್ನು ಕೈಗೆತ್ತಿಕೊಳ್ಳುತ್ತೇವೆ. ಬಲಬದಿಯ ನಾಳ ಬಹಳ ಅಗಲವಾಗಿದ್ದು ಉದ್ದಕ್ಕೂ ಹೆಪ್ಪು ತುಂಬಿರುವ ರೋಗಿಗಳು ಇರುತ್ತಾರೆ. ಅಂಥಲ್ಲಿ ಸ್ಟೆಂಟ್ ಎಲ್ಲಿಂದ ಎಲ್ಲಿಗೆ ಹಾಕಬೇಕೆಂಬುದೇ ಕಾಣುವುದಿಲ್ಲ. ಪ್ಲೇಟ್‌ಲೆಟ್‌ಗಳನ್ನು ತಡೆಯುವ ಟೈರೋಫಿಬಾನ್‌ನಂಥ ಔಷಧ ಕೊಡುವುದೂ ಉಂಟು. ಮೊದಲು ರಕ್ತ ಹರಿಯುವಂತೆ ಮಾಡಿ ಸ್ಟೆಂಟನ್ನು ಒಂದೆರಡು ದಿನ ತಡೆದು ಹಾಕಿದರೆ ಹೇಗೆ ಎಂದು ಡೆನ್ಮಾರ್ಕಿನಲ್ಲಿ 1215 ರೋಗಿಗಳಲ್ಲಿ ನೋಡಿದರು. ವಾಡಿಕೆಯಾಗಿ ಎಲ್ಲರಿಗೂ ಹಾಗೆ ಮಾಡುವುದರಿಂದಲೂ ಪ್ರಯೋಜನ ಕಾಣಲಿಲ್ಲ. ಆಯ್ದ ರೋಗಿಗೆ, ಅನುಭವವಿರುವ ಕೈಯಿಂದ, ಕಾರಣವಿದ್ದಾಗ ಎಂಬಲ್ಲಿಗೆ ಈಗ ವಿಷಯ ಬಂದು ನಿಂತಿದೆ, ಮತ್ತು ಅದು ಸರಿಯಾದ ಜಾಗವೆಂದೇ ನನಗೂ ಅನಿಸುತ್ತದೆ.

ನಿಮ್ಮಲ್ಲಿ ಕೆಲವರು ಪತ್ರಿಕೆಯಲ್ಲಿ ಓದಿರಬಹುದು, ಮೆದುಳಿನ ಪಾರ್ಶ್ವವಾಯುವಿನಲ್ಲಿ ಹೆಪ್ಪು ತೆಗೆದರೆ ರೋಗಿ ಎದ್ದು ನಡೆಯುತ್ತಾನೆ ಎಂದು. ಅದು ನಿಜ. ಟೋಟಲ್ ಬಂದ ಅದೇ 2015ರ ಆರಂಭದಲ್ಲಿ ಪ್ರಕಟವಾದ, 500 ರೋಗಿಗಳ ಡಚ್ ಅಧ್ಯಯನದಲ್ಲಿ, ಮೂರು ತಿಂಗಳ ನಂತರ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರು ಹೆಪ್ಪು ತೆಗೆದ ಗುಂಪಿನಲ್ಲಿ ಶೇ. 32.6, ಉಳಿದವರಲ್ಲಿ ಶೇ. 19.1. ಒಂದೇ ವರ್ಷ, ಒಂದೇ ಬಗೆಯ ಉಪಾಯ, ಒಂದೆಡೆ ಸೋಲು, ಇನ್ನೊಂದೆಡೆ ಗೆಲುವು. ವ್ಯತ್ಯಾಸ ಎಲ್ಲಿದೆ ಎಂದರೆ, ಮೆದುಳಿನ ದೊಡ್ಡ ನಾಳದಲ್ಲಿ ಸಿಕ್ಕಿಕೊಳ್ಳುವ ಹೆಪ್ಪು ಬಹಳಷ್ಟು ಸಲ ಹೃದಯದಿಂದಲೋ ಕತ್ತಿನ ನಾಳದಿಂದಲೋ ತೇಲಿಬಂದದ್ದು. ಅದನ್ನು ಎಳೆದು ತೆಗೆಯದಿದ್ದರೆ ಎಷ್ಟೋ ರೋಗಿಗಳಲ್ಲಿ ನಾಳ ಮುಚ್ಚಿಯೇ ಉಳಿಯುತ್ತದೆ. ಹೃದಯದಲ್ಲಿ ಹೆಪ್ಪು ಅಲ್ಲಿನ ಗಾಯದ ಮೇಲೆಯೇ ಹುಟ್ಟಿದ್ದು, ಮತ್ತು ನಾನು ಹೇಳಿದ ಹೃದಯದ ಅಧ್ಯಯನಗಳಲ್ಲಿ ಹೀರದ ಗುಂಪಿನವರ ನಾಳವನ್ನೂ ಬಲೂನ್, ಸ್ಟೆಂಟ್‌ಗಳಿಂದ ತೆರೆಯಲಾಗಿತ್ತು. ಅಲ್ಲಿ ಪರೀಕ್ಷೆಗೆ ಒಳಗಾದದ್ದು ನಾಳ ತೆರೆಯಬೇಕೇ ಎಂಬ ಪ್ರಶ್ನೆಯಲ್ಲ, ತೆರೆಯುವ ಮೊದಲು ಹೀರಿದರೆ ಇನ್ನೂ ಏನಾದರೂ ಸಿಗುತ್ತದೆಯೇ ಎಂಬುದು.

ಹಾಗಾಗಿ ಈ ಮುಂಬಯಿಯಲ್ಲಿ ನಿಮ್ಮ ಕೈಯಲ್ಲಿರುವುದು ಹೊತ್ತು. ನಮ್ಮ ಕರಾವಳಿಯಿಂದ ಬಂದು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವವರನ್ನೇ ತೆಗೆದುಕೊಳ್ಳಿ. ಗಲ್ಲಾದಲ್ಲಿ ಕೂತವರಿಗೆ ಎದೆ ಹಿಡಿದಂತಾಗಿ ಬೆವರು ಕಿತ್ತು ಬಂದರೆ ಮೊದಲು ಬರುವುದು ನಿಂಬೆಸೋಡಾ, ಆಮೇಲೆ ಗ್ಯಾಸಿನ ಮಾತ್ರೆ, ಆಮೇಲೆ "ಗಿರಾಕಿ ಇಳಿಯಲಿ ಮಾರಾಯ, ಮತ್ತೆ ನೋಡುವ". ಅದರ ನಂತರ ರಿಕ್ಷಾ ಹಿಡಿದು ಬೀದಿಯ ಕೊನೆಯ ದವಾಖಾನೆಗೆ, ಅಲ್ಲಿ ಇಸಿಜಿ ಇಲ್ಲವೆಂದು ನರ್ಸಿಂಗ್ ಹೋಮಿಗೆ, ಅಲ್ಲಿ ಕ್ಯಾಥ್ ಲ್ಯಾಬ್ ಇಲ್ಲವೆಂದು ಮೂರನೆಯ ಕಡೆಗೆ. ಗಣಪತಿ ವಿಸರ್ಜನೆಯ ದಿನ ಲಾಲ್‌ಬಾಗ್ ಪರಿಸರದಲ್ಲಿ ಇದೇ ಆದರೆ ಏನು ಗತಿ ಎಂದು ಊಹಿಸಿಕೊಳ್ಳಿ. ಆಸ್ಪತ್ರೆಯ ಬಾಗಿಲಿನಿಂದ ಬಲೂನಿನವರೆಗಿನ ಹೊತ್ತು 90 ನಿಮಿಷ ದಾಟಬಾರದು ಎಂದು ನಾವು ಒದ್ದಾಡುತ್ತೇವೆ, ಆದರೆ ಸೋಡಾದಿಂದ ಬಾಗಿಲಿನವರೆಗಿನ ಹೊತ್ತನ್ನು ಅಳೆಯುವವರಿಲ್ಲ. 108ಕ್ಕೆ ಕರೆ ಮಾಡಿ; ದಿನರಾತ್ರಿ ತೆರೆದಿರುವ ಕ್ಯಾಥ್ ಲ್ಯಾಬ್ ನಿಮ್ಮ ಹತ್ತಿರ ಎಲ್ಲಿದೆ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ; ಚಿಕಿತ್ಸೆಯ ಖರ್ಚು ಭರಿಸುವ ಮಹಾರಾಷ್ಟ್ರ ಸರ್ಕಾರದ ಮಹಾತ್ಮ ಫುಲೆ ಜನಾರೋಗ್ಯ ಯೋಜನೆ ಅಲ್ಲಿ ನಡೆಯುತ್ತದೆಯೇ ಎಂಬುದನ್ನೂ ಆಗಲೇ ಕೇಳಿಡಿ.

ಎರಡು ಗಂಟೆಯೊಳಗೆ ಕ್ಯಾಥ್ ಲ್ಯಾಬ್ ಸಿಗದ ಜಾಗದಲ್ಲಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಕೀಳು ಚಿಕಿತ್ಸೆ ಎಂದು ತಿಳಿಯಬೇಡಿ. ಗೋವಾದಲ್ಲಿ ಸಣ್ಣ ಸರ್ಕಾರಿ ಆಸ್ಪತ್ರೆಗಳಿಂದ ಇಸಿಜಿಯನ್ನು ಬಾಂಬೋಳಿಯ ವೈದ್ಯಕೀಯ ಕಾಲೇಜಿಗೆ ಕಳಿಸಿ, ಅಲ್ಲಿಂದ ಸೂಚನೆ ಬಂದೊಡನೆ ಈ ಚುಚ್ಚುಮದ್ದು ಕೊಟ್ಟು, ಆಮೇಲೆ ಅಲ್ಲಿಗೆ ಸಾಗಿಸುವ ವ್ಯವಸ್ಥೆಯಿದೆ. ಊರಿಗೆ ಹೋದಾಗ ಕಾರವಾರದ ಕಡೆಯ ನೆಂಟರಿಗೆ ಇದನ್ನು ತಿಳಿಸಿ.

ತೆಗೆಯದೆ ಬಿಟ್ಟ ಹೆಪ್ಪು ಮತ್ತೆ ತೊಂದರೆ ಕೊಡುವುದಿಲ್ಲವೇ ಎಂದು ಹಿಂದಿನ ಸಾಲಿನವರು ಈಗಷ್ಟೇ ಕೇಳಿದರು. ಸ್ಟೆಂಟಿನ ಹಿಂದೆ ಒತ್ತಿಹೋದ ಹೆಪ್ಪನ್ನು ದೇಹವೇ ಔಷಧದ ನೆರವಿನಿಂದ ಕ್ರಮೇಣ ಕರಗಿಸಿಕೊಳ್ಳುತ್ತದೆ. ಭಯಪಡಬೇಕಾದದ್ದು ಸ್ಟೆಂಟಿನೊಳಗೆ ಹೊಸದಾಗಿ ಕಟ್ಟುವ ಹೆಪ್ಪಿಗೆ, ಮತ್ತು ಅದಕ್ಕೆ ಬಹುಮುಖ್ಯ ಕಾರಣಗಳಲ್ಲೊಂದು ಮಾತ್ರೆ ನಿಲ್ಲಿಸುವುದು. ಆಸ್ಪಿರಿನ್ ಜೊತೆಗೆ ಕ್ಲೋಪಿಡೊಗ್ರೆಲ್, ಪ್ರಾಸುಗ್ರೆಲ್ ಅಥವಾ ಟಿಕಾಗ್ರೆಲಾರ್ ಇವುಗಳಲ್ಲಿ ಒಂದನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತೇವೆ. ರಕ್ತಸ್ರಾವದ ಅಪಾಯ ಇರುವವರಿಗೆ ಅವಧಿಯನ್ನು ಕಡಿಮೆ ಮಾಡುತ್ತೇವೆ. ಹಲ್ಲು ಕೀಳಿಸಲು ಹೋದಾಗ ದಂತವೈದ್ಯರು ರಕ್ತ ನಿಲ್ಲುವುದಿಲ್ಲ, ಮಾತ್ರೆ ಬಿಟ್ಟು ಬನ್ನಿ ಎಂದರೆ, ಸ್ಟೆಂಟ್ ಹಾಕಿದ ತಾರೀಖು ಬರೆದಿರುವ ಡಿಸ್ಚಾರ್ಜ್ ಕಾಗದವನ್ನು ಅವರ ಮುಂದಿಟ್ಟು, ನಮಗೊಂದು ಫೋನ್ ಮಾಡಿಸಿ. ಎರಡರಲ್ಲಿ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.